ಮೇಜರ್ ಕೊಠಾರಕರರ ಸೀಟಿ

ಸರ್ಕಾರಿ ಕಾಗದದಲ್ಲಿ ಅವರು ಸುಬೇದಾರ್ ಮೇಜರ್
ರಘೋಬ ವಿಠೋಬ ಕೊಠಾರಕರ, ಮರಾಠಾ ಪಲ್ಟನ್.
ನಮ್ಮ ಅರಗಾ ಅರ್ಧ ಮುರಿದು ತಿಂದು
ಮೇಜರ್ ಅಂತಷ್ಟೇ ಉಳಿಸಿಕೊಂಡಿತು.

ಬಸ್ರಾದಿಂದ ತಂದದ್ದು
ಕುಂಟುವ ಎಡಗಾಲು,
ಎಣ್ಣೆ ಕುಡಿದು ಕುಡಿದು ಕಪ್ಪಾದ ಚರ್ಮದ ಚೆಂಡು,
ಒಂದು ಹಿತ್ತಾಳೆ ಸೀಟಿ.
ಪದಕವೂ ಇತ್ತಂತೆ. ನಾನು ನೋಡಿಲ್ಲ.

ಅದಕ್ಕೂ ಮುಂಚೆ ನಮ್ಮವರ ಆಟಕ್ಕೆ ಕಾಯ್ದೆಯಿರಲಿಲ್ಲ.
ಆ ಕೇರಿಯವರು ನಲವತ್ತು, ಈ ಕೇರಿಯವರು ಅರವತ್ತು,
ಚೆಂಡೆಂದರೆ ತೆಂಗಿನ ನಾರು ಸುತ್ತಿದ ಚಿಂದಿ,
ಗೋಲೆಂದರೆ ಯಾರ ದೋಣಿ ಮೊದಲು ಸಿಕ್ಕಿತೋ ಅದು.
ಹಲ್ಲು ಬೀಳುತ್ತಿತ್ತು, ಮಾತು ಬಿಡುತ್ತಿತ್ತು.

ಇಳಿತದ ಒಂದು ಸಂಜೆ ಅವರು
ಒದ್ದೆ ಮರಳಿನ ಮೇಲೆ ಹೆಜ್ಜೆ ಎಣಿಸುತ್ತ ನಡೆದರು,
ಸರಿಗಾಲಿನದೊಂದು, ಕುಂಟುಗಾಲಿನದು ಮುಕ್ಕಾಲು.
ಹಾಗಾಗಿ ನಮ್ಮ ಮೈದಾನ
ಲೋಕದ ಯಾವ ಮೈದಾನದ ಅಳತೆಗೂ ಹೊಂದಲಿಲ್ಲ,
ಕಡಲ ಕಡೆಗೆ ಒಂಚೂರು ವಾಲಿತ್ತು.

ಗೋಲಿಗೆ ಬಲೆ ಬೇಕೆಂದರು.
ನನ್ನಪ್ಪ ಶಾಣು ನಕ್ಕ:
"ಹೊಡೆದ ಮೇಲೆ ಹಿಡಿಯುವುದಕ್ಕೆ
ಅದೇನು ಬಂಗಡೆಯೇ?"
ಆದರೂ ಹರಿದ ರಾಂಪಣಿಯ ಅಂಚು ಕತ್ತರಿಸಿ,
ಮತ್ತಿ ಚಕ್ಕೆಯ ಚೊಗರಿನಲ್ಲಿ ಕುದಿಸಿ ಕಟ್ಟಿಕೊಟ್ಟ.
ಮೊದಲ ಗೋಲು ಬಿದ್ದಾಗ
ಬಲೆ ಕೊಡವಿ ಮೀನಿನ ಪೊರೆ ಹಾರಿತಂತೆ.
ಗೆಲುವಿಗೆ ಬೇರೆ ವಾಸನೆ ನಮಗೆ ಗೊತ್ತಿಲ್ಲ.

ಹನ್ನೊಂದೇ ಜನ ಎಂದಾಗ ಜಗಳವಾಯಿತು.
ಕೈ ಮುಟ್ಟಿಸಬಾರದು ಎಂದಾಗ ಇನ್ನೂ ದೊಡ್ಡ ಜಗಳ:
"ಹುಟ್ಟು ಹಾಕಿ, ಬಲೆ ಎಳೆದು ಉಣ್ಣುವ ಕೈ.
ಅದನ್ನೇ ಕಟ್ಟಿಹಾಕಿದರೆ ನಾವ್ಯಾರು?"
"ಕಟ್ಟುತ್ತಿಲ್ಲ ಮಾರಾಯಾ," ಅಂದರಂತೆ ಮೇಜರ್,
"ಕೈಗೆ ಒಂದು ತಾಸು ರಜೆ ಕೊಡುತ್ತಿದ್ದೇನೆ."

ಅವರದೇ ಒಂದು ಕಾಯ್ದೆ, ಯಾವ ಪುಸ್ತಕದಲ್ಲೂ ಇಲ್ಲ:
ಬಿದ್ದವನನ್ನು ಬೀಳಿಸಿದವನೇ ಎತ್ತಬೇಕು.
ಎತ್ತುವ ತನಕ ಚೆಂಡು ಸತ್ತ ಹಾಗೆ.

ಒಮ್ಮೆ ಬಿದ್ದವನು ಚಮಗಾರರ ಸಾಂತು,
ಆ ಚೆಂಡಿಗೆ ಹೊಲಿಗೆ ಹಾಕುತ್ತಿದ್ದವನು.
ಬೀಳಿಸಿದವನ ಹೆಸರು ಹೇಳುವುದಿಲ್ಲ, ಮೊಮ್ಮಕ್ಕಳಿದ್ದಾರೆ.
ಕೈ ಚಾಚದೆ, ಪಂಚೆ ಕೊಡವಿ, ಮನೆಗೆ ನಡೆದ.
ಮೇಜರ್ ಸೀಟಿ ಬಾಯಲ್ಲಿಟ್ಟುಕೊಂಡು ಕಾದರು.
ನಾನಾಗ ಏಳು ವರ್ಷದವ, ಅಪ್ಪನ ಹೆಗಲ ಮೇಲಿದ್ದೆ.
ಭರತ ಏರಿತು. ಹಿಮ್ಮಡಿ, ಮೊಣಕಾಲು.
ಸಾಂತು ನೀರಿನಲ್ಲಿ ಕೂತೇ ಇದ್ದ,
ಮೇಜರ್ ನಿಂತೇ ಇದ್ದರು.
ಕೊನೆಗೆ ಗೆರೆಯನ್ನೆಲ್ಲ ಕಡಲು ಅಳಿಸಿತು.
ಆ ಆಟ ಮುಗಿದ ಸೀಟಿ ಯಾರೂ ಕೇಳಿಲ್ಲ.

ಸೀಟಿಯೊಳಗಿನ ಕಾಳು ಸವೆದುಹೋದಾಗ
ಗುಲಗಂಜಿಯೊಂದನ್ನು ತುರುಕಿದರು.
ಆಮೇಲೆ ಅದು ಟಿಟ್ಟಿಭದ ಹಾಗೆ ಕೂಗುತ್ತಿತ್ತು.
ಸಾಯುವ ಮುಂಚೆ ಅಪ್ಪನಿಗೆ ಕೊಟ್ಟರು,
ಬಲೆಯ ಕೂಲಿ ಬಾಕಿಯಿತ್ತೆಂದು.

ನಂತರ ನೌಕಾನೆಲೆ ಬಂತು. ಎದ್ದೆವು.
ಭೂಸೇನೆಯವನ ಮೈದಾನ ನೌಕಾಸೇನೆಗೆ ಹೋಯಿತು.
ಮೇಜರ್ ನಗುತ್ತಿದ್ದರೋ, ಸಲ್ಯೂಟ್ ಹೊಡೆಯುತ್ತಿದ್ದರೋ.
ಪರಿಹಾರದ ಅರ್ಜಿಯಲ್ಲಿ
ತೆಂಗಿಗೆ ಜಾಗವಿತ್ತು, ಬಾವಿಗೆ, ಗೋಡೆಗೆ, ಹಟ್ಟಿಗೆ.
ಇಳಿತದಲ್ಲಿ ಮಾತ್ರ ಇರುವ ಮೈದಾನ
ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ಕೇಳಿದೆ.
ಗುಮಾಸ್ತ ಒಳ್ಳೆಯವನು. ಪೆನ್ನಿನ ಮುಚ್ಚಳ ಹಾಕಿ
ಚಹಾ ತರಿಸಿದ.

ಈಗ ಕಾಲೊನಿಯ ಕೆಂಪು ಮಣ್ಣಿನಲ್ಲಿ
ಹುಡುಗಿಯರೂ ಆಡುತ್ತಾರೆ, ನೈಲಾನ್ ಬಲೆ, ಸುಣ್ಣದ ಗೆರೆ.
ನಿನ್ನೆ ಮೊಮ್ಮಗಳು ಒಬ್ಬಳನ್ನು ಬೀಳಿಸಿದಳು,
ರೆಫರಿ ಸುಮ್ಮನಿದ್ದ, ಚೆಂಡು ಓಡುತ್ತಲೇ ಇತ್ತು.
ಇವಳು ಓಡಲಿಲ್ಲ. ಬಗ್ಗಿ ಕೈ ಕೊಟ್ಟಳು.
ಅಷ್ಟರಲ್ಲಿ ನಮ್ಮ ಗೋಲಿಗೆ ಗೋಲು ಬಿತ್ತು.

ಕೋಚ್ ಬೈದ. ಪುಸ್ತಕದ ಪ್ರಕಾರ ಸರಿಯೇ.
ಅವಳಿಗೆ ನಾನು ಮೇಜರ್ ಕತೆ ಹೇಳಿದ್ದೆನೇ?
ನೆನಪಾಗುತ್ತಿಲ್ಲ.
ಎದ್ದು ನಿಂತೆ, ಜೇಬಿನಲ್ಲಿ
ಗುಲಗಂಜಿ ಒಮ್ಮೆ ಉರುಳಿತು.